ಓಂಕಾರಪ್ಪನವರ ಬಲಗಾಲಿನ ಮೀನಖಂಡ

ಬೆಳಗ್ಗೆ ಎದ್ದ ಕೂಡಲೇ ಮೈಮುರಿಯಬಾರದು ಅಂತ ಯಾವ ಶಾಸ್ತ್ರವೂ ಹೇಳಿಲ್ಲ. ಹೇಳಿದ್ದರೆ ಓಂಕಾರಪ್ಪನವರು ಖಂಡಿತ ಮುರಿಯುತ್ತಿರಲಿಲ್ಲ, ನಿಯಮ ಅಂದರೆ ಅವರಿಗೆ ಅಷ್ಟು ಭಯಭಕ್ತಿ. ಆ ಸೋಮವಾರ ಆರು ಗಂಟೆಗೆ ಕಣ್ಣುಬಿಟ್ಟು, "ಶಿವ ಶಿವಾ" ಎಂದು ಎರಡೂ ಕಾಲನ್ನು ನೀಳಕ್ಕೆ ಚಾಚಿ, ಹೆಬ್ಬೆರಳನ್ನು ಗೋಡೆಯ ಕಡೆ ನೂಕಿದರು. ಅಷ್ಟೇ. ಮೊಣಕಾಲ ಹಿಂದೆ ಕೆಳಗಡೆ ದಪ್ಪಗೆ ಇಳಿಯುತ್ತದಲ್ಲ, ಆ ಮೀನಖಂಡ, ಬಲಗಾಲಿನದು, ಗಂಟು ಕಟ್ಟಿಕೊಂಡು ಕೂತುಬಿಟ್ಟಿತು.

"ಸತ್ನೆಪ್ಪೋ" ಎಂದು ಅವರು ಕೂಗಿದ್ದು ಅಚ್ಚ ಹರಿಹರದ ಕನ್ನಡದಲ್ಲಿ. ಕೇರಳದ ಕಳಮಶ್ಶೇರಿಯ ಆ ಓಣಿಯಲ್ಲಿ ಆ ಭಾಷೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಕೂಗಿನ ಅರ್ಥ ಎಲ್ಲರಿಗೂ ತಿಳಿಯಿತು.

ಓಂಕಾರಪ್ಪನವರು ಕೇಂದ್ರ ಸರ್ಕಾರದ ಒಂದು ಕಚೇರಿಯ ನೌಕರರು. ನಲವತ್ತೆಂಟು ವಯಸ್ಸು. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ, ಹರಿಹರದಲ್ಲಿ ಒಬ್ಬಳು ತಂಗಿ. ಬಡ್ತಿ ಬೇಕಾದರೆ ಕೇರಳಕ್ಕೆ ಹೋಗು ಅಂದರು, ಬಂದರು. ಬಂದು ಎರಡು ವರ್ಷವಾಗಿತ್ತು. ಎರಡು ವರ್ಷದಲ್ಲಿ ಅವರ ಮನೆಯ ಹೊಸ್ತಿಲನ್ನು ಅವರ ಹೊರತು ಇನ್ನೊಬ್ಬರು ದಾಟಿರಲಿಲ್ಲ. ಕೆಳಗಿನ ಮನೆಯ ಯಜಮಾನ ರಾಮಚಂದ್ರನ್ ಸರ್ಕಾರಿ ಬಸ್ಸಿನ ನಿವೃತ್ತ ಕಂಡಕ್ಟರು. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ ಮಾತು, ನೀರಿನ ಮೋಟಾರು ಆರಿಸಿದ್ರಾ ಅಂತ. ಎದುರು ಬಾಗಿಲಿನ ಮೇರಿ ಟೀಚರ್ ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೇ. ಕೆಟ್ಟ ಜನವೇನಲ್ಲ. ಅವರವರ ಪಾಡಿಗೆ ಅವರವರು, ಇವರ ಪಾಡಿಗೆ ಇವರು.

ಭಾನುವಾರಗಳು ಮಾತ್ರ ಬಲು ಕಷ್ಟ. ಹಿಂದಿನ ದಿನ ಭಾನುವಾರ, ಬೆಳಗಿನಿಂದ ಸಂಜೆವರೆಗೆ ತಾವು ಆಡಿದ ಮಾತು ಲೆಕ್ಕ ಹಾಕಿದರೆ ಹನ್ನೊಂದು ಆಯಿತು, ಅದರಲ್ಲಿ ಒಂಬತ್ತು ತರಕಾರಿಯವಳ ಜೊತೆ. ತಂಗಿ ಶೇಂಗಾ ಚಟ್ನಿಪುಡಿ ಕಟ್ಟಿ ಕಳಿಸಿದ ಹಳೆಯ ಕನ್ನಡ ಪೇಪರಿನ ಹಾಳೆಯೊಂದಿತ್ತು. ಎಣ್ಣೆ ಇಳಿದ ಆ ಹಾಳೆಯನ್ನು ಓದೀ ಓದೀ, ದಾವಣಗೆರೆಯಲ್ಲಿ ಯಾರೋ ಬೋರ್‌ವೆಲ್ ಮೋಟಾರು ಮಾರುವ ಜಾಹೀರಾತು ಅವರಿಗೆ ಬಾಯಿಪಾಠವಾಗಿತ್ತು.

ಇಂಥ ಮನುಷ್ಯ ಒಂದೇ ಕಾಲಲ್ಲಿ ಕುಪ್ಪಳಿಸಿಕೊಂಡು ಬಂದು ಬಾಗಿಲು ತೆಗೆದರೆ, ಹೊರಗೆ ಮೂರು ಜನ ನಿಂತಿದ್ದರು. ರಾಮಚಂದ್ರನ್, ಅವರ ಹೆಂಡತಿ ಪಂಕಜಾ, ಮೇರಿ ಟೀಚರ್. ಇನ್ನು ಮುಂದೆ ಇವರೆಲ್ಲರ ಮಲಯಾಳವನ್ನು ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ. ಓಂಕಾರಪ್ಪನವರ ಮಲಯಾಳವನ್ನು ಮಾತ್ರ ಯಾವ ಭಾಷೆಯಲ್ಲೂ ಹೇಳಲು ಬರುವುದಿಲ್ಲ.

ರಾಮಚಂದ್ರನ್ ನೂಕುನುಗ್ಗಲಿನ ಬಸ್ಸಿನಲ್ಲಿ ಜನರನ್ನು ಸರಿಸುವವರ ಹಾಗೆ ಹೆಂಗಸರಿಬ್ಬರನ್ನೂ ಮುಂದೆ ಹೋಗಿ ಮುಂದೆ ಹೋಗಿ ಎಂದು ಒಳಗೆ ಕಳಿಸಿ, ಓಂಕಾರಪ್ಪನವರನ್ನು ಮಂಚದ ಮೇಲೆ ಕೆಡವಿ, ಕಾಲ ಬೆರಳು ಹಿಡಿದು ಮೇಲಕ್ಕೆ ಒತ್ತಿದರು. ಮನೆಗೆ ಓಡಿಹೋಗಿ ಹಸಿರು ಬಣ್ಣದ ತೈಲ ತಂದು ತಿಕ್ಕಿದರು. ಪಂಕಜಾ ಬಿಸಿನೀರಿನ ಶಾಖ ಕೊಟ್ಟರು, ಹಳೆಯ ಮುಂಡಿನ ಬಟ್ಟೆ ಹರಿದು ಬಿಗಿಯಾಗಿ ಸುತ್ತಿದರು. ಆರೂಕಾಲಿಗೆಲ್ಲ ಗಂಟು ಕರಗಿ, ನೋವು ಹೇಳ ಹೆಸರಿಲ್ಲದಂತೆ ಹೋಯಿತು.

ಹೋಯ್ತು ಅನ್ನಬೇಕೆಂದು ಓಂಕಾರಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಪಂಕಜಾ, ಸಾರ್ ಇವತ್ತು ಒಲೆ ಹಚ್ಚಬಾರದು, ಪುಟ್ಟು ಕಡಲೆ ನಾನೇ ಕಳಿಸ್ತೀನಿ ಅಂದರು. ಒಬ್ಬರೇ ಇರ್ತೀರಲ್ಲ, ಎರಡು ವರ್ಷದಿಂದ ಏನು ಉಣ್ತೀರಿ ಅಂತ ಕೇಳಿದರು. ರಾಮಚಂದ್ರನ್ ಕುರ್ಚಿ ಎಳೆದುಕೊಂಡು, ಏಳುವ ಯೋಚನೆಯೇ ಇಲ್ಲದವರ ಹಾಗೆ ಕೂತರು. ತೆರೆದ ಬಾಯಿಗೆ ಬೇರೊಂದು ಮಾತು ಬಂತು.

"ಇನ್ನೂ ಸ್ವಲ್ಪ ಐತಿ," ಅಂದರು ಓಂಕಾರಪ್ಪನವರು.

ಅದೇ ಅವರ ಮೊದಲ ಸುಳ್ಳು. ಮೇರಿ ಟೀಚರ್ ಅರ್ಧ ಗಂಟೆಯಲ್ಲಿ ಒಂದು ಮುಚ್ಚಿದ ಪಾತ್ರೆ ಹಿಡಿದು ಬಂದರು. ಆಡಿನ ಕಾಲಿನ ಸೂಪು. ಕಾಲಿಗೆ ಕಾಲೇ ಮದ್ದು, ನಮ್ಮ ಅಜ್ಜ ತೊಂಬತ್ತು ವರ್ಷ ನಡೆದದ್ದು ಇದರ ಬಲದಿಂದಲೇ ಅಂತ ವಿವರಿಸಿದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇರುವ ಓಂಕಾರಪ್ಪನವರು ವಾರದ ಏಳು ದಿನವೂ ಮಾಂಸ ಮುಟ್ಟುವವರಲ್ಲ. ಆದರೆ ಎರಡು ವರ್ಷದ ಮೇಲೆ ಬಾಗಿಲಿಗೆ ಬಂದವರನ್ನು ಹಾಗೆ ಕಳಿಸುವುದು ಹೇಗೆ? ಇವತ್ತು ಸೋಮವಾರ, ನಾನು ತಿನ್ನಲ್ಲ ಎಂದು ತೊದಲಿದರು.

"ಓ, ಹಾಗಾದ್ರೆ ನಾಳೆ ತರ್ತೀನಿ ಸಾರ್," ಅಂದರು ಮೇರಿ ಟೀಚರ್.

ನಾಳೆ. ಆ ಊರಿಗೆ ಬಂದ ಮೇಲೆ ಯಾರೊಬ್ಬರೂ ಅವರಿಗೆ ನಾಳೆ ಅನ್ನುವ ಮಾತು ಹೇಳಿರಲಿಲ್ಲ. ಮಂಗಳವಾರಕ್ಕೆ ಇನ್ನೊಂದು ದೇವರನ್ನು ಹುಡುಕಿದರಾಯಿತು ಎಂದುಕೊಂಡು ಓಂಕಾರಪ್ಪನವರು ತಲೆ ಅಲ್ಲಾಡಿಸಿದರು. ಎಲ್ಲರೂ ಹೋದ ಮೇಲೆ, ಬಾಗಿಲು ಹಾಕಿಕೊಂಡು, ನಡುಮನೆಯಲ್ಲಿ ಅತ್ತಿಂದಿತ್ತ ಕುಂಟುವುದನ್ನು ಅಭ್ಯಾಸ ಮಾಡಿದರು. ಬಟ್ಟೆ ಸುತ್ತಿದ್ದು ಒಳ್ಳೆಯದೇ ಆಗಿತ್ತು, ಯಾವ ಕಾಲು ಎಂದು ನೆನಪಿಡುವ ಕೆಲಸ ತಪ್ಪಿತು.

ಕಚೇರಿಗೆ ರಾಮಚಂದ್ರನ್ ತಾವೇ ಆಟೋದಲ್ಲಿ ಕರೆದುಕೊಂಡು ಹೋಗಿ, ಹೆಗಲು ಕೊಟ್ಟು ಮೆಟ್ಟಿಲು ಹತ್ತಿಸಿದರು. ಅಲ್ಲಿಯೂ ಹಾಗೇ ಆಯಿತು ನೋಡಿ. ಎರಡು ವರ್ಷ ಅವರು ಕಡತದ ಮಗ್ಗುಲಲ್ಲಿ ಒಬ್ಬರೇ ಡಬ್ಬಿ ಬಿಚ್ಚಿ ಉಂಡವರು. ಇವತ್ತು ಒಬ್ಬರು ಕಾಲಿಡಲು ಸ್ಟೂಲು ತಂದರು, ಇನ್ನೊಬ್ಬರು ಚಹಾ ತಂದರು. ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾಲಿನ ಕತೆ ಹೇಳಿದರು. ಏಲೂರಿನಿಂದ ಬರುವ ಟೈಪಿಸ್ಟಿಗೆ ಮದುವೆಯ ದಿನ ಮಂಟಪದಲ್ಲೇ ಕಾಲು ಹಿಡಿದುಕೊಂಡಿತ್ತಂತೆ, ಹೆಣ್ಣಿನ ಕಡೆಯವರು ಗಂಡು ಓಡಿಹೋಗುತ್ತಾನೆ ಎಂದು ಹಿಡಿದು ಕೂರಿಸಿದರಂತೆ. ಓಂಕಾರಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಾವಾಗ ಹಾಗೆ ನಕ್ಕಿದ್ದೆ ಎಂದು ನೆನಪು ಮಾಡಿಕೊಂಡರೆ ನೆನಪಾಗಲಿಲ್ಲ.

ಮಧ್ಯೆ ಒಂದು ಎಡವಟ್ಟು. ಸಾಹೇಬರ ಕೋಣೆಯ ಗಂಟೆ ಬಾರಿಸಿತು. ಇಪ್ಪತ್ತೈದು ವರ್ಷದ ಅಭ್ಯಾಸ, ಓಂಕಾರಪ್ಪನವರು ಧಡಕ್ಕನೆ ಎದ್ದು ನಾಲ್ಕು ಹೆಜ್ಜೆ ನೆಟ್ಟಗೆ ನಡೆದುಬಿಟ್ಟರು. ಐದನೆಯದಕ್ಕೆ ನೆನಪಾಗಿ ಕುಂಟಿದರು. ಕೆಟ್ಟೆನಲ್ಲಪ್ಪ ಎಂದು ಹಿಂತಿರುಗಿ ನೋಡಿದರೆ, ಪಕ್ಕದ ಮೇಜಿನ ವಿಲ್ಸನ್ ಕೈ ಮುಗಿಯುವುದೊಂದು ಬಾಕಿ. ಈ ನೋವಿನಲ್ಲೂ ಕರ್ತವ್ಯ ಬಿಡಲಿಲ್ಲ, ನೋಡಿ ಕಲೀರಿ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ.

ಈ ವಿಲ್ಸನ್ ನೌಕರರ ರಜೆ, ವರ್ಗಾವಣೆಯ ಕಾಗದಗಳನ್ನು ನೋಡಿಕೊಳ್ಳುವವನು. ಮನಸ್ಸು ಬೆಣ್ಣೆ. ಮನೆಯಲ್ಲಿ ಯಾರಿದ್ದಾರೆ ಸಾರ್ ಎಂದು ಅಂದು ಮೊದಲ ಸಲ ಕೇಳಿದ, ಯಾರೂ ಇಲ್ಲ ಎಂದಾಗ ಅವನ ಮುಖ ಬಾಡಿಹೋಯಿತು. ಹನ್ನೊಂದು ಗಂಟೆಗೆ ಅವನೇ ಪರವಾನಗಿ ಕೇಳಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಹತ್ತಿರದಲ್ಲಿದ್ದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದೊಯ್ದ. ದಾರಿಯುದ್ದಕ್ಕೂ ಓಂಕಾರಪ್ಪನವರಿಗೆ ಒಂದೇ ಯೋಚನೆ. ನೆರೆಹೊರೆಯವರ ಕಣ್ಣಿಗೆ ಮಣ್ಣೆರಚಬಹುದು, ಕಾಲನ್ನೇ ಓದಿದವರ ಕಣ್ಣಿಗೆ?

ಒಳಗೆ ಗೋಡೆಯ ಮೇಲೆ ಚರ್ಮ ಸುಲಿದ ಕಾಲಿನ ದೊಡ್ಡ ಪಟ. ಅದರ ಕೆಳಗೆ ಕೂತಿದ್ದವರು ಜುಬೈದಾ, ಮೂವತ್ತು ಮೂವತ್ತೆರಡರ ಹೆಣ್ಣುಮಗಳು. ವಿಲ್ಸನ್ ಹೊರಗೆ ಕೂತ. ಇವರು ಕುಂಟುತ್ತಾ ಹೋಗಿ ಹೆಸರು ಹೇಳಿದರು. ಆಕೆ ಹೆಸರು ಬರೆದುಕೊಂಡು ತಲೆಯೆತ್ತಿ, ಒಂದು ಕ್ಷಣ ಹಣೆಯ ವಿಭೂತಿ ನೋಡಿ ಕೇಳಿದರು.

"ಎಂತ ಆಯ್ತು ಸರ್ ಕಾಲಿಗೆ?"

ಕನ್ನಡ. ಓಂಕಾರಪ್ಪನವರು ಕಾಲಿನ ಮಾತು ಬಿಟ್ಟು, ನೀವು ಯಾವ ಊರೋರಮ್ಮ ಎಂದು ಕೇಳಿದರು. ಆಕೆ ಕಾಸರಗೋಡಿನವರು, ಶಾಲೆ ಕಲಿತದ್ದು ಕನ್ನಡದಲ್ಲೇ, ಮುಂದೆ ಮಂಗಳೂರು. ಇಲ್ಲಿ ಮಾತಾಡ್ಲಿಕ್ಕೆ ಯಾರೂ ಸಿಕ್ಕುವುದಿಲ್ಲ ಮಾರಾಯ್ರೆ ಎಂದು ಆಕೆ ನಕ್ಕರು. ಬೆಳಗಿನ ಕತೆಯನ್ನೆಲ್ಲ ಕೇಳಿ, ಇವರಿಗೆ ನೋವಿಗಿಂತ ಮಾತಿನ ಹಸಿವು ಹೆಚ್ಚಿದೆ ಎಂದು ಕಂಡಿತೋ ಏನೋ, ಕೋಲು ಹಿಡಿದು ಪಟದ ಮುಂದೆ ನಿಂತರು.

"ಸ್ನಾಯುವಿಗೆ ಗೊತ್ತಿರುವುದು ಒಂದೇ ಕೆಲಸ ಸರ್, ಎಳೆಯುವುದು. ನೂಕ್ಲಿಕ್ಕೆ ಅದಕ್ಕೆ ಬರುವುದಿಲ್ಲ. ಹಾಗಾಗಿ ಎಲ್ಲ ಜೋಡಿ ಜೋಡಿ ಇರುವುದು. ತೊಡೆಯ ಮುಂದಿನದ್ದು ಎಳೆದರೆ ಮೊಣಕಾಲು ನೆಟ್ಟಗಾಗ್ತದೆ, ಹಿಂದಿನದ್ದು ಎಳೆದರೆ ಮಡಚ್ತದೆ. ಒಂದು ಎಳೆಯುವಾಗ ಇನ್ನೊಂದು ಬಿಟ್ಟುಕೊಡಬೇಕು. ಇಲ್ಲದಿದ್ದರೆ ಹೆಜ್ಜೆಯೇ ಇಲ್ಲ."

ಕೋಲು ಕೆಳಗಿಳಿಯಿತು. ಮೀನಖಂಡ ಎಳೆದಾಗ ಹಿಮ್ಮಡಿ ಮೇಲೇಳುತ್ತದೆ, ನೆಲ ಒದ್ದು ಮನುಷ್ಯ ಮುಂದೆ ಹೋಗುವುದು ಅದರ ಬಲದಿಂದ. ಮುಂದುಗಡೆ ಎಲುಬಿನ ಪಕ್ಕದಲ್ಲಿರುವುದು ಪಾದದ ತುದಿಯನ್ನು ಎತ್ತಿ ಹಿಡಿಯುತ್ತದೆ, ಅದಿಲ್ಲದಿದ್ದರೆ ಹೆಜ್ಜೆಗೊಮ್ಮೆ ಎಡವಬೇಕು. ಕಾಲು ಹಿಡಿದುಕೊಳ್ಳುವುದು ಅಂದರೆ, ಎಳೆದ ಸ್ನಾಯು ಬಿಡುವುದನ್ನು ಮರೆಯುವುದು. ಆಗ ಬೆರಳನ್ನು ನಮ್ಮ ಕಡೆಗೆ ಎಳೆದು ಸ್ವಲ್ಪ ಹೊತ್ತು ಹಿಡಿದರೆ ಸಾಕು, ಬಿಡುತ್ತದೆ. ಓಂಕಾರಪ್ಪನವರು ಬಾಯಿ ತೆರೆದು ಕೇಳಿದರು. ಬೋರ್‌ವೆಲ್ ಮೋಟಾರಿನ ಮೇಲೆ ಆಕೆ ಕನ್ನಡದಲ್ಲಿ ಮಾತಾಡಿದ್ದರೂ ಹಾಗೇ ಕೇಳುತ್ತಿದ್ದರು.

"ಒಂದು ಉಪಕಾರ ಮಾಡಿ ಸರ್. ಆ ಕಪಾಟಿನ ಮೇಲೆ ಕನ್ನಡದ ವಾರಪತ್ರಿಕೆ ಉಂಟು, ಮೊನ್ನೆ ಊರಿಂದ ತಂದದ್ದು. ನಿಮಗೆ ಎಟುಕ್ತದೋ ನೋಡಿ."

ಕನ್ನಡದ ವಾರಪತ್ರಿಕೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಓಂಕಾರಪ್ಪನವರಿಗೆ ಬೇರೇನೂ ನೆನಪಿರಲಿಲ್ಲ. ಎರಡೇ ದಾಪಿಗೆ ಕಪಾಟು ಸೇರಿ, ಹಿಮ್ಮಡಿ ಎತ್ತಿ, ಎಟುಕದೆ, ಎಡಗಾಲನ್ನೂ ನೆಲದಿಂದ ಬಿಡಿಸಿ ಬಲಗಾಲಿನ ಬೆರಳ ತುದಿಯಲ್ಲಿ ನಿಂತು ಪತ್ರಿಕೆಯನ್ನು ಎಳೆದುಕೊಂಡರು. ದೂಳು ಕೊಡವಿ ಮುಖಪುಟ ನೋಡುತ್ತಾ ತಿರುಗಿದರೆ, ಜುಬೈದಾ ಕೈಕಟ್ಟಿ ನಿಂತಿದ್ದರು.

"ಒಂಟಿ ಕಾಲಿನ ಬೆರಳ ಮೇಲೆ ನಿಂತಿರಿ. ಇಡೀ ಮೈಯ ಭಾರ ಎತ್ತಿದ್ದು ಆ ಮೀನಖಂಡವೇ," ಅಂದರು ಮೆಲ್ಲಗೆ. "ಕುಂಟುವುದು ಯಾಕೆ ಸರ್?"

ಓಂಕಾರಪ್ಪನವರು ತಲೆ ತಗ್ಗಿಸಿ ಕೂತರು. ಪತ್ರಿಕೆಯನ್ನು ಮಡಿಲಲ್ಲಿಟ್ಟು ಅದರ ಅಂಚು ಸವರುತ್ತಾ ಹೇಳಿದರು. "ನೋವು ಆರೂಕಾಲಿಗೇ ಹೋಯ್ತಮ್ಮ. ಹೋಯ್ತು ಅಂದ್ರೆ ಇವರೂ ಹೋಗಿಬಿಡ್ತಾರೆ."

ಜುಬೈದಾ ಚೀಟಿ ಎಳೆದುಕೊಂಡು ಬರೆದರು. ಬಲ ಮೀನಖಂಡದ ದೀರ್ಘಕಾಲದ ತೊಂದರೆ, ವಾರಕ್ಕೊಂದು ಸಲದಂತೆ ಹತ್ತು ವಾರ ಚಿಕಿತ್ಸೆ ಅವಶ್ಯ. ಪ್ರತಿ ಸೋಮವಾರ ಐದು ಗಂಟೆಗೆ ಬನ್ನಿ, ಆ ಹೊತ್ತಿಗೆ ಬೇರೆ ರೋಗಿಗಳಿರುವುದಿಲ್ಲ, ಚಹಾ ಕುಡಿದು ಮಾತಾಡುವ ಎಂದರು. ಪತ್ರಿಕೆಯನ್ನೂ ಒಯ್ಯಿರಿ, ಮುಂದಿನ ಸೋಮವಾರ ತಂದುಕೊಡಿ ಎಂದರು. ಹತ್ತು ಸೋಮವಾರ. ಓಂಕಾರಪ್ಪನವರು ಹೊರಗೆ ಬಂದಾಗ ಸಂತೋಷದಲ್ಲಿ ಕುಂಟಲು ಮರೆಯುವವರಿದ್ದರು, ಹೇಗೋ ನೆನಪು ಮಾಡಿಕೊಂಡರು. ಚೀಟಿಯನ್ನು ವಿಲ್ಸನ್, ಕಡತಕ್ಕೆ ಬೇಕು ಎಂದು ಇಸಿದುಕೊಂಡ.

ಆ ಮಧ್ಯಾಹ್ನ ಎಲ್ಲರ ಜೊತೆ ಊಟ. ಇವರ ಡಬ್ಬಿಯ ಚಟ್ನಿಪುಡಿಗೆ ನಾಲ್ಕು ಕಡೆಯಿಂದ ಕೈ ಬಂತು. ನಾಳೆ ಮೇರಿ ಟೀಚರ್, ಮುಂದಿನ ಸೋಮವಾರ ಜುಬೈದಾ, ದಿನವೂ ಈ ಮೇಜು. ಒಂದು ಮೀನಖಂಡ ಇಷ್ಟು ಜನರನ್ನು ಎಳೆದು ತಂದಿತಲ್ಲ ಎಂದು ಅವರು ಕಾಲನ್ನು ಮೆಲ್ಲಗೆ ತಟ್ಟಿಕೊಂಡರು. ವಿಲ್ಸನ್ ಮಾತ್ರ ಊಟಕ್ಕೆ ಬಂದಿರಲಿಲ್ಲ.

ಎರಡು ಗಂಟೆಗೆ ಬಂದ. ಕೈಯಲ್ಲಿ ಫ್ಯಾಕ್ಸಿನ ಹಾಳೆ, ಮುಖದಲ್ಲಿ ಬೆಳಕು.

"ಸಾರ್, ಆಯ್ತು. ನಿಮ್ಮ ವರ್ಗಾವಣೆ ಆಯ್ತು."

ನಡೆದದ್ದು ಇಷ್ಟು. ಇಲ್ಲಿಗೆ ಬಂದ ಮೊದಲ ತಿಂಗಳಲ್ಲಿ, ಬೇಸರ ತಡೆಯದೆ, ಓಂಕಾರಪ್ಪನವರು ವರ್ಗಾವಣೆಗೆ ಅರ್ಜಿ ಹಾಕಿದ್ದರು. ಮೂರು ಊರು ಬರೆಯಬೇಕು, ಒಂದಾದರೂ ಇದೇ ರಾಜ್ಯದ್ದಿರಬೇಕು ಎಂಬುದು ನಿಯಮ. ಮೊದಲನೆಯದು ದಾವಣಗೆರೆ, ಎರಡನೆಯದು ಹುಬ್ಬಳ್ಳಿ ಎಂದು ಬರೆದು, ಮೂರನೆಯ ಮನೆಯನ್ನು ಖಾಲಿ ಬಿಡುವ ಹಾಗಿಲ್ಲವೆಂದು ತಿರುವನಂತಪುರ ಎಂದು ತುಂಬಿದ್ದರು. ಅರ್ಜಿ ಎರಡು ವರ್ಷ ಮಲಗಿತ್ತು. ಅದನ್ನು ವಿಲ್ಸನ್ ಇವತ್ತು ಎಬ್ಬಿಸಿ, ಜುಬೈದಾ ಕೊಟ್ಟ ಚೀಟಿ ಲಗತ್ತಿಸಿ, ಅನಾರೋಗ್ಯದ ಕಾರಣ ಎಂದು ಷರಾ ಬರೆದು, ತಿರುವನಂತಪುರದ ದೊಡ್ಡ ಕಚೇರಿಗೆ ಮೂರು ಸಲ ಫೋನು ಮಾಡಿದ್ದ. ಅಲ್ಲೊಂದು ಜಾಗ ಖಾಲಿ ಇತ್ತು. ನೆಲಮಹಡಿ, ಮೆಟ್ಟಿಲಿಲ್ಲ, ಎದುರಿಗೇ ದೊಡ್ಡಾಸ್ಪತ್ರೆ. ನಾಳೆ ಹತ್ತು ಗಂಟೆಗೆ ಹಾಜರಾಗದಿದ್ದರೆ ಬೇರೆಯವರ ಪಾಲು.

"ಎರಡು ವರ್ಷ ಪಕ್ಕದಲ್ಲಿ ಕೂತು ನಿಮ್ಮನ್ನ ಒಂದು ಮಾತು ಕೇಳಲಿಲ್ಲ ನಾವು," ಅಂದ ವಿಲ್ಸನ್. "ಇಷ್ಟಾದ್ರೂ ಮಾಡಬೇಡವಾ?"

ಓಂಕಾರಪ್ಪನವರು ಎದ್ದು ನಿಂತರು. ಕಾಲು ಸರಿಯಾಗಿದೆ, ನೋಡಿ ಎಂದು ಬಲಗಾಲಲ್ಲಿ ಎರಡು ಸಲ ಎಗರಿದರು. ಮೆಟ್ಟಿಲು ಇಳಿದು ಹತ್ತಿ ತೋರಿಸಿದರು. ಸಂತೋಷಕ್ಕೆ ನೋವೇ ಮರೆತಿದ್ದಾರೆ ಪಾಪ ಎಂದು ಇಬ್ಬರು ಓಡಿಬಂದು ರಟ್ಟೆ ಹಿಡಿದು ಕೂರಿಸಿದರು. ನಿಜ ಹೇಳಿಬಿಡಲೇ ಎಂದು ಯೋಚಿಸಿದರು. ಹೇಳಿದರೆ ಚೀಟಿ ಬರೆದ ಜುಬೈದಾ ಸುಳ್ಳಿಯಾಗುತ್ತಾರೆ, ಷರಾ ಬರೆದ ವಿಲ್ಸನ್ನನ ಕೆಲಸಕ್ಕೆ ಕುತ್ತು. ಇದ್ದವರು ನಾಲ್ಕು ಜನ, ಅವರನ್ನು ಸಿಕ್ಕಿಸುವುದೇ? ಬಾಯಿಗೆ ಬೀಗ ಹಾಕಿಕೊಂಡು ರುಜು ಮಾಡಿದರು.

ನಾಲ್ಕು ಗಂಟೆಯ ರೈಲಿಗೆ ಎರ್ನಾಕುಳಂ ಸ್ಟೇಷನ್ನಿಗೆ ಎಲ್ಲರೂ ಬಂದರು. ಸಾಮಾನು ಆಮೇಲೆ ಕಳಿಸುವುದಾಗಿ ಹೇಳಿ ರಾಮಚಂದ್ರನ್ ಒಂದು ಚೀಲ ಮಾತ್ರ ಕಟ್ಟಿದ್ದರು. ಪಂಕಜಾ ಕಣ್ಣೊರೆಸಿಕೊಂಡರು, ಈಗಷ್ಟೇ ಪರಿಚಯವಾಯಿತು ಅನ್ನುವಷ್ಟರಲ್ಲಿ ಹೊರಟಿರಿ ಎಂದರು. ಮೇರಿ ಟೀಚರ್ ಶಾಲೆಯಿಂದ ನೇರ ಮನೆಗೆ ಓಡಿ, ಸ್ಟೀಲಿನ ಡಬ್ಬಿ ಹಿಡಿದು ಬಂದಿದ್ದರು. ನಾಳೆ ಕೊಡ್ತೀನಿ ಅಂದಿದ್ದೆ, ನಾಳೆ ನೀವು ಇಲ್ಲಿರೋದಿಲ್ಲವಲ್ಲ, ಮಂಗಳವಾರ ಬೆಳಗ್ಗೆ ಅಲ್ಲೇ ಬಿಸಿ ಮಾಡಿಕೊಂಡು ಕುಡೀರಿ ಎಂದು ಕೈಗಿಟ್ಟರು. ಡಬ್ಬಿ ಇನ್ನೂ ಬೆಚ್ಚಗಿತ್ತು. ಜುಬೈದಾಗೆ ಮಾತ್ರ ಯಾರೂ ಹೇಳಿರಲಿಲ್ಲ. ಆಕೆಯ ಪತ್ರಿಕೆ ಚೀಲದಲ್ಲೇ ಉಳಿದಿತ್ತು.

ರೈಲು ಅಲುಗಿತು. ಬಾಗಿಲಲ್ಲಿ ಜನರ ಗುಂಪು. ಅವರ ತಲೆಗಳ ಮೇಲಿಂದ ಒಂದು ಸಲ ಎಲ್ಲರನ್ನೂ ನೋಡಬೇಕೆಂದು ಓಂಕಾರಪ್ಪನವರು ಹಿಮ್ಮಡಿ ಎತ್ತಿ, ಬೆರಳ ತುದಿಯಲ್ಲಿ ನಿಂತು ಕತ್ತು ಉದ್ದ ಮಾಡಿದರು. ಆ ಗಳಿಗೆಯಲ್ಲೇ ಬಲಗಾಲಿನ ಮೀನಖಂಡ ಗಂಟು ಕಟ್ಟಿಕೊಂಡಿತು. ಬೆಳಗಿನದು ಇದರ ಮುಂದೆ ಏನೂ ಅಲ್ಲ.

"ಕಾಲು, ಕಾಲು," ಎಂದು ಕೂಗಿದರು.

ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಗೊತ್ತು ಗೊತ್ತು ಎಂದು ತಲೆಯಾಡಿಸಿ ಕೈಬೀಸಿದರು. ವಿಲ್ಸನ್ ಎದೆಯ ಮೇಲೆ ಕೈಯಿಟ್ಟುಕೊಂಡ. ರಾಮಚಂದ್ರನ್ ಬಸ್ಸು ಹೊರಡಿಸುವ ಅಭ್ಯಾಸದಲ್ಲಿ ಕೈ ಮುಂದಕ್ಕೆ ಬೀಸಿ "ಪೋಟ್ಟೇ, ಹೋಗಲಿ" ಅಂದರು. ರೈಲು ಹೋಯಿತು.

ಹೇಗೋ ಸೀಟು ಹಿಡಿದು ಕೂತು, ತಮ್ಮ ಕಾಲ ಬೆರಳನ್ನು ತಾವೇ ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ಎದುರು ಸೀಟಿನವರು ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿ ಓದಿದರು. ಗಂಟು ಬಿಟ್ಟಿತು, ನೋವು ಬಿಡಲಿಲ್ಲ. ಪತ್ರಿಕೆ ತೆಗೆದು ಬಿಚ್ಚಿದರು, ಮುಗಿದುಹೋದೀತೆಂದು ಎರಡೇ ಪುಟ ಓದಿ ಮುಚ್ಚಿಟ್ಟರು.

ಎಂಟೂವರೆಗೆ ತಿರುವನಂತಪುರದಲ್ಲಿ ಇಳಿದಾಗ ಓಂಕಾರಪ್ಪನವರು ನಿಜವಾಗಿಯೂ ಕುಂಟುತ್ತಿದ್ದರು, ಅಷ್ಟು ಸೊಗಸಾಗಿ ಇಡೀ ದಿನ ಕುಂಟಿರಲಿಲ್ಲ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಆಡಿನ ಕಾಲಿನ ಸೂಪು. ಸ್ಟೇಷನ್ನಿನ ಎದುರು ತಂಪಾನೂರಿನ ಲಾಡ್ಜಿನವನು ಇವರನ್ನು ಮೇಲಿಂದ ಕೆಳಗೆ ನೋಡಿದ, ಕಾಲಿಗೆ ಕಟ್ಟಿದ ಬಟ್ಟೆಯನ್ನೂ ನೋಡಿದ. ಈಗ ಕೇಳುತ್ತಾನೆ ಎಂದು ಇವರು ಕಾದರು.

"ಕೆಳಗೆ ರೂಮಿಲ್ಲ, ಮೂರನೇ ಮಹಡಿ," ಎಂದು ಅವನು ಬೀಗದ ಕೈ ಮೇಜಿನ ಮೇಲಿಟ್ಟು, ಟಿವಿಯ ಕಡೆ ತಿರುಗಿಕೊಂಡ.